ಅಣ್ಣನಿಗೆ ಹಿಮೋಕ್ರೊಮ್ಯಾಟೋಸಿಸ್ (ದೇಹದಲ್ಲಿ ಕಬ್ಬಿಣ ಅತಿಯಾಗಿ ಸಂಗ್ರಹವಾಗುವ ಆನುವಂಶಿಕ ಕಾಯಿಲೆ) ಇದೆ. ನನ್ನ ಫೆರಿಟಿನ್ (ಕಬ್ಬಿಣದ ಸಂಗ್ರಹ ಸೂಚಿಸುವ ರಕ್ತದ ಅಂಶ) ಸರಿಯಾಗಿದ್ದರೂ ಜೀನ್ ಪರೀಕ್ಷೆ ಬೇಕೇ?

ಬೇಕು. ಆದರೆ ಯಾವ ಪರೀಕ್ಷೆ ಎಂಬುದನ್ನು ನಿಮ್ಮ ಅಣ್ಣನವರ ವರದಿ ನೋಡಿಯೇ ತೀರ್ಮಾನಿಸಬೇಕು. ಇಂತಹ ವರದಿಗಳನ್ನು ಓದಿ ಕುಟುಂಬದವರಿಗೆ ವಿವರಿಸುವುದೇ ನನ್ನ ವೃತ್ತಿಯಾದ್ದರಿಂದ, ಆ ವರದಿಯನ್ನು ಕೇಳಿ ಪಡೆಯುವುದೇ ನಿಮ್ಮ ಮೊದಲ ಕೆಲಸವಾಗಲಿ ಎನ್ನುತ್ತೇನೆ.

ಆಹಾರದಿಂದ ಎಷ್ಟು ಕಬ್ಬಿಣ ರಕ್ತಕ್ಕೆ ಸೇರಬೇಕೆಂಬುದನ್ನು ಯಕೃತ್ತು ಸ್ರವಿಸುವ ಹೆಪ್ಸಿಡಿನ್ ಎಂಬ ಹಾರ್ಮೋನು ನಿಯಂತ್ರಿಸುತ್ತದೆ. 1996ರಲ್ಲಿ ಗುರುತಿಸಲಾದ ಎಚ್‌ಎಫ್‌ಇ ಜೀನಿನ ಎರಡೂ ಪ್ರತಿಗಳಲ್ಲಿ ಸಿ282ವೈ ಎಂಬ ಬದಲಾವಣೆ ಇದ್ದಾಗ ಹೆಪ್ಸಿಡಿನ್ ಸಾಕಷ್ಟು ಉತ್ಪತ್ತಿಯಾಗದೆ, ಹೆಚ್ಚುವರಿ ಕಬ್ಬಿಣವು ವರ್ಷಾನುಗಟ್ಟಲೆ ಯಕೃತ್ತು, ಹೃದಯ ಮತ್ತು ಮೇದೋಜೀರಕ ಗ್ರಂಥಿಯಲ್ಲಿ ಸಂಗ್ರಹವಾಗಬಹುದು. ಈ ಬದಲಾವಣೆ ಉತ್ತರ ಯೂರೋಪ್ ಮೂಲದವರಲ್ಲಿ ಹೆಚ್ಚಾಗಿಯೂ ಇತರರಲ್ಲಿ ವಿರಳವಾಗಿಯೂ ಕಂಡುಬರುತ್ತದೆ. ಆದ್ದರಿಂದ ಸಿ282ವೈ, ಎಚ್63ಡಿ ಎಂಬ ಇದೇ ಜೀನಿನ ಎರಡು ಬದಲಾವಣೆಗಳನ್ನಷ್ಟೇ ಹುಡುಕುವ ಸಾಮಾನ್ಯ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ, ಹೆಮೋಜುವೆಲಿನ್, ಹೆಪ್ಸಿಡಿನ್, ಟ್ರಾನ್ಸ್‌ಫೆರಿನ್ ರಿಸೆಪ್ಟರ್ 2 ಅಥವಾ ಫೆರೋಪೋರ್ಟಿನ್ ಜೀನುಗಳಲ್ಲಿ ದೋಷವಿರುವ ಸಾಧ್ಯತೆ ಉಳಿದೇ ಇರುತ್ತದೆ. ಅಣ್ಣನವರಲ್ಲಿ ಯಾವ ಬದಲಾವಣೆ ಸಿಕ್ಕಿದೆಯೋ ಅದನ್ನಷ್ಟೇ ನಿಮ್ಮಲ್ಲಿ ಹುಡುಕಿದರೆ ಸಾಕು. ನೂರಾರು ಜೀನುಗಳ ದೊಡ್ಡ ಪ್ಯಾನೆಲ್ ಮಾಡಿಸಿದರೆ ಅರ್ಥ ಹೇಳಲಾಗದ ಫಲಿತಾಂಶಗಳು ಬಂದು ಅನಗತ್ಯ ಆತಂಕವೇ ಹೆಚ್ಚುತ್ತದೆ.

ಫೆರಿಟಿನ್ ಒಂದನ್ನೇ ನಂಬಬೇಡಿ. ಕಬ್ಬಿಣ ಹೆಚ್ಚತೊಡಗಿದಾಗ ಸಾಮಾನ್ಯವಾಗಿ ಮೊದಲು ಏರುವುದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ಪಾಲು ಕಬ್ಬಿಣದಿಂದ ತುಂಬಿದೆ ಎಂಬ ಅಳತೆ), ಅದು ಶೇ. 45ನ್ನು ಮೀರಿದರೆ ಫೆರಿಟಿನ್ ಸರಿಯಿದ್ದರೂ ಮುಂದಿನ ತಪಾಸಣೆ ಅಗತ್ಯ. ಫೆರಿಟಿನ್ ಆದರೋ ಸೋಂಕು, ಉರಿಯೂತ, ಕೊಬ್ಬಿದ ಯಕೃತ್ತು, ಮದ್ಯಪಾನ ಇವುಗಳಿಂದಲೂ ಏರುತ್ತದೆ.

ತಂದೆ ತಾಯಿ ಇಬ್ಬರೂ ಒಂದೊಂದು ದೋಷಪ್ರತಿಯ ವಾಹಕರಾಗಿದ್ದರೆ ನಿಮಗೆ ಎರಡೂ ಬಂದಿರುವ ಸಾಧ್ಯತೆ ಶೇ. 25. ಫೆರೋಪೋರ್ಟಿನ್ ದೋಷಕ್ಕೆ ಮಾತ್ರ ಒಂದೇ ಪ್ರತಿ ಸಾಕು. ಇನ್ನು ಎಚ್63ಡಿಯ ಒಂದು ಪ್ರತಿ ಕಂಡೊಡನೆ ಗಾಬರಿಯಾಗುವವರೇ ನನ್ನ ಬಳಿ ಹೆಚ್ಚು ಬರುತ್ತಾರೆ. ಅದೊಂದರಿಂದಲೇ ಕಬ್ಬಿಣದ ಕಾಯಿಲೆ ಬರುವುದಿಲ್ಲ.

ಸಿ282ವೈನ ಎರಡೂ ಪ್ರತಿ ಇದ್ದವರಲ್ಲಿಯೂ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಮುಟ್ಟಿನಲ್ಲಿ ಕಬ್ಬಿಣ ಹೊರಹೋಗುವುದರಿಂದ ಮಹಿಳೆಯರಲ್ಲಿ ಅದು ಇನ್ನೂ ಕಡಿಮೆ. ಬಂದರೂ, ಅಂಗಗಳಿಗೆ ಹಾನಿಯಾಗುವ ಮುನ್ನ ನಿಯಮಿತವಾಗಿ ರಕ್ತ ತೆಗೆಸುತ್ತಾ ಬಂದರೆ ಅದನ್ನು ಹತೋಟಿಯಲ್ಲಿಡಬಹುದು. ನಿಮ್ಮಲ್ಲಿ ಎರಡೂ ಪ್ರತಿ ಪತ್ತೆಯಾಗಿ, ಮಕ್ಕಳ ಚಿಂತೆ ಕಾಡಿದರೆ, ಮಕ್ಕಳಿಗಿಂತ ಮೊದಲು ನಿಮ್ಮ ಸಂಗಾತಿಯ ಪರೀಕ್ಷೆ ಮಾಡಿಸಿ. ಅವರಲ್ಲಿ ಆ ಜೀನಿನ ದೋಷ ಇಲ್ಲದಿದ್ದರೆ ಮಕ್ಕಳು ವಾಹಕರಷ್ಟೇ ಆಗಿರುತ್ತಾರೆ, ಅವರಿಗೆ ಸೂಜಿ ಚುಚ್ಚಿಸುವ ಅಗತ್ಯವೇ ಇರುವುದಿಲ್ಲ.