ಹುಬ್ಬಳ್ಳಿಯಲ್ಲಿ ಸಣ್ಣ ಪಕ್ಷದಿಂದ ನಿಂತು ‘ಕಡಿಮೆ ತೆರಿಗೆ, ಚಿಕ್ಕ ಸರ್ಕಾರ’ ಅಂದರೆ ವೋಟು ಬೀಳ್ತಾವಾ?

ಚುನಾವಣೆಗೆ ನಿಲ್ಲುವ ಯೋಚನೆಯಲ್ಲಿರುವ ನೀವು ಹೀಗೆ ಕೇಳಿ ನನಗೆ ಬರೆದಿದ್ದೀರಿ. 2023ರ ವಿಧಾನಸಭೆ ಚುನಾವಣೆಗೆ ನಾನು ಇದೇ ಮಾತು ಹೇಳಿಕೊಂಡು ನಿಂತಿದ್ದೆ. ದುರ್ಗದಬೈಲ್, ಹಳೇ ಹುಬ್ಬಳ್ಳಿ ಎಲ್ಲ ಕಡೆ ಕರಪತ್ರ ಹಂಚಿದೆವು: ಆದಾಯ ತೆರಿಗೆ ಇಳಿಯಬೇಕು, ಜಿಎಸ್‌ಟಿ ಇಳಿಯಬೇಕು, ಸರ್ಕಾರ ತನ್ನ ಖರ್ಚು ಕಡಿಮೆ ಮಾಡಬೇಕು. ಠೇವಣಿ ಉಳಿಯಲು ಆರರಲ್ಲಿ ಒಂದು ಪಾಲು ಮತ ಬೇಕು. ಅದರ ಹತ್ತಿರಕ್ಕೂ ಹೋಗಲಿಲ್ಲ, 10,000 ರೂಪಾಯಿ ಹೋಯಿತು.

‘ನಮ್ಮ ಜನಕ್ಕೆ ಇದು ತಿಳಿಯೂದಿಲ್ಲ’ ಅಂತಲೂ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಕಿರಾಣಿ ಅಂಗಡಿಯ ಅಕ್ಕಾರೊಬ್ಬರು ಕರಪತ್ರ ಪೂರ್ತಿ ಓದಿ, “ತಮ್ಮಾ, ಜಿಎಸ್‌ಟಿ ಇಳಸೂದು ಎಮ್ಮೆಲ್ಲೆ ಕೈಯಾಗ ಐತೇನು?” ಅಂತ ಕೇಳಿದರು.

ಇಲ್ಲ. ನಾನು ಸೋತದ್ದು ಅಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆದಾಯ ತೆರಿಗೆ ಕೇಂದ್ರದ್ದು. ಜಿಎಸ್‌ಟಿ ದರದ ತೀರ್ಮಾನ ಆಗುವುದು ಕೇಂದ್ರ, ರಾಜ್ಯಗಳ ಸಚಿವರು ಸೇರುವ ಜಿಎಸ್‌ಟಿ ಮಂಡಳಿಯಲ್ಲಿ: ಅಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು ತೂಕ, ಉಳಿದದ್ದು ಎಲ್ಲ ರಾಜ್ಯಗಳಿಗೆ ಸೇರಿ, ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ರಾಜ್ಯಗಳೆಲ್ಲ ಒಂದಾದರೂ ಕೇಂದ್ರ ಬಿಟ್ಟು ಆಗುವುದಿಲ್ಲ. ಅಂಥದ್ದನ್ನು ಇಳಿಸುತ್ತೇನೆ ಅಂತ ಒಬ್ಬ ಎಮ್ಮೆಲ್ಲೆ ಅಭ್ಯರ್ಥಿ ಹೇಳಿದರೆ ಯಾರು ನಂಬಬೇಕು? ರಾಜ್ಯದ ಕೈಯಲ್ಲಿದ್ದದ್ದು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ, ಮುದ್ರಾಂಕ ಶುಲ್ಕ, ವಾಹನ ತೆರಿಗೆ. ಇವು ನನ್ನ ಕರಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಮುಂದೆ 2024ರ ಜೂನ್‌ನಲ್ಲಿ ರಾಜ್ಯ ಪೆಟ್ರೋಲ್ ತೆರಿಗೆಯನ್ನು 25.92ರಿಂದ ಶೇ 29.84ಕ್ಕೆ ಏರಿಸಿತು. ಆಟೋ ಓಡಿಸುವವರಿಂದ ಹಿಡಿದು ತರಕಾರಿ ತರುವವರವರೆಗೆ ಎಲ್ಲರಿಗೂ ತಟ್ಟುವ ತೆರಿಗೆ ಅದು. ನಾನು ಮಾತಾಡಬೇಕಿದ್ದದ್ದು ಅದರ ಬಗ್ಗೆ.

ಇನ್ನು ‘ಚಿಕ್ಕ ಸರ್ಕಾರ’. ನೀರಿಗಾಗಿ ದಿನ ಎಣಿಸುವ ಓಣಿಯಲ್ಲಿ ನಿಂತು ಸರ್ಕಾರ ಚಿಕ್ಕದಾಗಲಿ ಅಂದರೆ, ಬರೋ ನೀರೂ ಹೋದೀತು ಅಂತಲೇ ಕೇಳಿಸುತ್ತದೆ. ಉತ್ತರ ನಮ್ಮೂರಲ್ಲೇ ಇತ್ತು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಿಂದ 24 ತಾಸು ನೀರು ಬಂತು, ನಡೆಸಿದ್ದು ಖಾಸಗಿ ಕಂಪನಿ. ಪೈಪು ಹಾಕಿದ್ದು ವಿಶ್ವಬ್ಯಾಂಕ್ ಸಾಲ ತಂದ ಸರ್ಕಾರದ ದುಡ್ಡಿನಲ್ಲಿ, ಅದನ್ನೂ ಮುಚ್ಚಿಡದೆ ಹೇಳಿ. ದುಡ್ಡು ಸಾರ್ವಜನಿಕರದ್ದಿರಲಿ, ಕೆಲಸವನ್ನು ಮಾಡಬಲ್ಲವರಿಗೆ ಬಿಡಿ ಅನ್ನುವುದೇ ನಮ್ಮ ವಾದ.

ಈ ವಿಚಾರಕ್ಕೆ ದೇಶದಲ್ಲಿ ನೆಲೆಯೇ ಇಲ್ಲ ಅನ್ನುವವರಿಗೆ ‘ಸ್ವತಂತ್ರ ಪಕ್ಷ’ ಅನ್ನುವ ಹೆಸರಿನ ಹಳೆಯ ಪಕ್ಷವನ್ನು ನೆನಪಿಸಿ. ರಾಜಾಜಿ (ಸಿ. ರಾಜಗೋಪಾಲಾಚಾರಿ) 1959ರಲ್ಲಿ ಕಟ್ಟಿದರು, 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ. ರಾಜಮನೆತನಗಳ ಬೆಂಬಲ ಇತ್ತು, ನಿಜ. ಆದರೆ ಅವರು ಮೊದಲು ಎತ್ತಿದ್ದು ತೆರಿಗೆಯ ಶೇಕಡಾವಾರು ಅಲ್ಲ, ಹೊಲಗಳನ್ನು ಒಟ್ಟುಗೂಡಿಸಿ ಮಾಡುವ ಸಹಕಾರಿ ಬೇಸಾಯದ ಹೆಸರಲ್ಲಿ ರೈತನ ಹೊಲ ಕೈತಪ್ಪೀತು ಅನ್ನುವ ಮಾತು.

ಸಣ್ಣ ಪಕ್ಷವೋ ಪಕ್ಷೇತರವೋ ಅಂತ ಈಗ ತಲೆ ಕೆಡಿಸಿಕೊಳ್ಳಬೇಡಿ. ವಿಧಾನಸಭೆಯನ್ನೇ ಬಿಡಿ. 2021ರ ಚುನಾವಣೆಯಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 82 ವಾರ್ಡ್ ಇದ್ದವು, ನಿಮ್ಮ ವಾರ್ಡಿಗೆ ನಿಲ್ಲಿ. ಆಸ್ತಿ ತೆರಿಗೆ, ಟ್ರೇಡ್ ಲೈಸೆನ್ಸ್, ಖಾತೆ ಬದಲಾವಣೆ ಅಲ್ಲೇ ಇವೆ. ಮೊದಲು ಪಾಲಿಕೆಯ ಬಜೆಟ್ ಪುಸ್ತಕ ತಂದು, ನಿಮ್ಮ ಓಣಿಯವರು ಕಟ್ಟಿದ ತೆರಿಗೆ ಎಲ್ಲಿಗೆ ಹೋಯಿತು ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಕರಪತ್ರ ಬರೆಯಿರಿ.