ನೋವು ಅಂದವನನ್ನು ನಂಬಿದರೆ ಏನು ಹೋಗುತ್ತೆ, ಮೇಷ್ಟ್ರೇ?

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಜೆ. ಆರ್. ರಿಚರ್ಡ್ ಬಗ್ಗೆ ಕಣ್ಣೀರು ತರಿಸುವ ಹಾಗೆ ಬರೆದಿದ್ದೀರಿ. ಅಷ್ಟು ದುಡಿದವನು ಕೊನೆಗೆ ಸೇತುವೆ ಕೆಳಗೆ ಮಲಗಿದ ಅಂದರೆ ಅದು ಸ್ವಯಂಕೃತಾಪರಾಧ. ಹಳಬರು ನೋವು ನುಂಗಿಕೊಂಡು ಆಡುತ್ತಿದ್ದರು. ಸ್ಯಾಂಡಿ ಕೂಫಾಕ್ಸ್ ಎಂಬ ಪಿಚರ್ ಕಥೆ ಓದಿ. ಈಗಿನವರಿಗೆ ಹೆಗಲು ಹಿಡಿದರೂ ರಜೆ ಬೇಕು. ಜನ್ಮವಿಡೀ ಪಿ.ಟಿ. ಮೇಷ್ಟ್ರಾಗಿದ್ದವನ ಮಾತು ಇದು.
– ನಿವೃತ್ತ ದೈಹಿಕ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ: ಮೇಷ್ಟ್ರೇ, ನಮಸ್ಕಾರ. ದುಡ್ಡಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ರಿಚರ್ಡ್ ತೈಲದ ವ್ಯವಹಾರಕ್ಕೆ ಕೈ ಹಾಕಿ ಕಳೆದುಕೊಂಡ. ವಿಚ್ಛೇದನಗಳಲ್ಲಿ ಇನ್ನಷ್ಟು ಹೋಯಿತು. 1994ರಲ್ಲಿ ಹೂಸ್ಟನ್‌ನ ಸೇತುವೆ ಕೆಳಗೆ ದಿನ ದೂಡುತ್ತಿದ್ದ. ಒಪ್ಪಿದೆ. ಆದರೆ ಅವನು ಬಿದ್ದದ್ದು 1994ರಲ್ಲಿ ಅಲ್ಲ. 1980ರ ಜುಲೈನಲ್ಲಿ.

ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಪಿಚರ್ ಅಂದರೆ ಹೆಚ್ಚುಕಡಿಮೆ ನಮ್ಮ ಬೌಲರ್. ಆದರೆ ಓಡಿ ಬರುವ ಹಾಗಿಲ್ಲ. ಸಣ್ಣ ದಿಬ್ಬದ ಮೇಲೆ ನಿಂತು, 60 ಅಡಿ ಚಿಲ್ಲರೆ ದೂರಕ್ಕೆ ಎಸೆಯಬೇಕು. ಹೆಗಲಿಗೆ ಬೀಳುವ ಪೆಟ್ಟು ಎಷ್ಟಿರಬಹುದು, ನಿಮಗೆ ನಾನು ಹೇಳಬೇಕಾ? ರಿಚರ್ಡ್ 6 ಅಡಿ 8 ಅಂಗುಲದ ಆಳು. ಒಂದೇ ಅಂಗೈಯಲ್ಲಿ 8 ಬೇಸ್‌ಬಾಲ್ ಹಿಡಿಯುತ್ತಿದ್ದನಂತೆ. 1971ರಲ್ಲಿ ಹೂಸ್ಟನ್ ಆಸ್ಟ್ರೋಸ್ ಪರ ಆಡಿದ ಮೊದಲ ಪಂದ್ಯದಲ್ಲೇ 15 ಜನರನ್ನು ಸ್ಟ್ರೈಕೌಟ್ ಮಾಡಿದ, ಅಂದರೆ ಬರೀ ಎಸೆತದಿಂದಲೇ ಔಟ್ ಮಾಡಿದ. ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವನ್ನು ಪಿಚರ್ ಲೆಕ್ಕಕ್ಕೂ ಬರೆಯುತ್ತಾರೆ. 1976ರಿಂದ 1979ರವರೆಗೆ ಒಂದು ವರ್ಷವೂ ಅವನು 18 ಗೆಲುವಿಗಿಂತ ಕೆಳಗಿಳಿಯಲಿಲ್ಲ. 1978ರಲ್ಲಿ 303 ಸ್ಟ್ರೈಕೌಟ್, ಮರುವರ್ಷ 313. ಆ 1979ರಲ್ಲಿ ಎಸೆದದ್ದು 292 ಇನಿಂಗ್ಸ್ (ಒಂದು ಪಂದ್ಯಕ್ಕೆ ಸಾಮಾನ್ಯವಾಗಿ 9). ಈಗ ವರ್ಷಕ್ಕೆ 200 ದಾಟುವ ಪಿಚರ್‌ಗಳನ್ನು ಹುಡುಕಬೇಕು.

ಇಂಥವನು 1980ರಲ್ಲಿ ಕೈ ಸತ್ತ ಹಾಗಾಗಿದೆ, ಹೆಗಲು ಬಿಗಿದಿದೆ ಅನ್ನತೊಡಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆ ಗೊತ್ತಾ? ಚೆನ್ನಾಗಿ ಆಡುತ್ತಿದ್ದನಲ್ಲ, ಅದಕ್ಕೆ! ಜುಲೈ 8ರಂದು ಆಯ್ದ ಆಟಗಾರರು ಆಡುವ ಆಲ್‌ಸ್ಟಾರ್ ಪಂದ್ಯದಲ್ಲಿ ತನ್ನ ಕಡೆಯಿಂದ ಮೊದಲು ಎಸೆಯಲು ಇಳಿದವನೇ ಅವನು. ಪತ್ರಿಕೆಗಳು ಸೋಮಾರಿ ಅಂದವು. ಅದೇ ತಂಡಕ್ಕೆ ನೋಲನ್ ರಯಾನ್ ಎಂಬ ಇನ್ನೊಬ್ಬ ಪಿಚರ್ ವರ್ಷಕ್ಕೆ 10 ಲಕ್ಷ ಡಾಲರ್ ಸಂಬಳಕ್ಕೆ ಬಂದಿದ್ದ. ಇವನಿಗೆ ಹೊಟ್ಟೆಕಿಚ್ಚು, ಅದಕ್ಕೇ ನಾಟಕ ಅಂತ ಬರೆದರು. ಮಾದಕ ವಸ್ತು ಇರಬಹುದು ಎಂಬ ಗುಸುಗುಸು ಬೇರೆ. ಬರೆದವರು ನನ್ನ ವೃತ್ತಿಯವರೇ. ಬಿಸಿಲಿಗೆ ಹೋಗದೆ ಕೂತಲ್ಲೇ ಇನ್ನೊಬ್ಬರ ಮೈ ಅಳೆಯುವ ಚಟ ನಮ್ಮವರಿಗೆ ಮೊದಲಿಂದಲೂ ಇದೆ.

ಜುಲೈ 14ರ ಪಂದ್ಯದಲ್ಲಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಬೆರಳಲ್ಲಿ ಮಾಡುವ ಸನ್ನೆಯೇ ಅವನಿಗೆ ಸರಿಯಾಗಿ ಕಾಣಲಿಲ್ಲ. ಆಮೇಲೆ ಆಸ್ಪತ್ರೆಗೆ ಕಳಿಸಿದರು. ಬಲಗೈಯ ರಕ್ತನಾಳದಲ್ಲಿ ತಡೆ ಇರುವುದು ಪರೀಕ್ಷೆಯಲ್ಲೇ ಕಂಡಿತ್ತು. ಆದರೂ ಆಪರೇಷನ್ ಬೇಡ, ಹಗುರವಾಗಿ ಅಭ್ಯಾಸ ಮಾಡಲಿ ಅಂದರು. ಜುಲೈ 30ರಂದು ತಂಡದ ಮೈದಾನ ಆಸ್ಟ್ರೋಡೋಮ್‌ನಲ್ಲಿ ಸುಮ್ನೆ ಚೆಂಡು ಎಸೆಯುತ್ತಿದ್ದ. ಎಡಗಿವಿಯಲ್ಲಿ ಕೀ ಎಂದು ಸದ್ದು ಶುರುವಾಯಿತು. ಇನ್ನೆರಡು ಎಸೆದ. ಹೊಟ್ಟೆ ತೊಳಸಿತು. ಅಲ್ಲೇ ಕುಸಿದ. ಸ್ಟ್ರೋಕ್. ವಯಸ್ಸು 30. ಆಸ್ಟ್ರೋಸ್ ತಂಡ ಮೊದಲ ಸಲ ಪ್ಲೇಆಫ್‌ಗೆ ಹೋದದ್ದು ಅದೇ ವರ್ಷ, ಇವನಿಲ್ಲದೆ. ಕೆಳಗಿನ ಲೀಗ್‌ಗಳಲ್ಲಿ ಮತ್ತೆ ಎಸೆದು ನೋಡಿದ, ಆಗಲಿಲ್ಲ. 1984ರಲ್ಲಿ ತಂಡ ಕೈಬಿಟ್ಟಿತು. ಈಗ ಹೇಳಿ ಮೇಷ್ಟ್ರೇ, ಮೆದುಳಿಗೆ ಪೆಟ್ಟು ಬಿದ್ದು ಕಸುಬು ಕಳೆದುಕೊಂಡವನು ಬ್ಯಾಂಕ್ ಪಾಸ್‌ಬುಕ್ ಸರಿಯಾಗಿ ಇಟ್ಟುಕೊಳ್ಳಲಿಲ್ಲ ಅನ್ನೋದು ನಮ್ಮ ದೊಡ್ಡ ದೂರಾಗಬೇಕಾ?

ಕೂಫಾಕ್ಸ್ ಹೆಸರು ಎತ್ತಿದ್ದೀರಿ, ಸಂತೋಷ. ಆ ಕಥೆಯ ಕೊನೇ ಪುಟ ನೀವು ಓದಿದ ಹಾಗಿಲ್ಲ. ಮೊಣಕೈಗೆ ಇಂಜೆಕ್ಷನ್ ಚುಚ್ಚಿಸಿಕೊಂಡು, ಪಂದ್ಯ ಮುಗಿದ ಮೇಲೆ ಮಂಜುಗಡ್ಡೆ ನೀರಲ್ಲಿ ಕೈ ಅದ್ದಿಕೊಂಡು ಆಡಿದ, ನಿಜ. 1966ರಲ್ಲಿ 27 ಪಂದ್ಯ ಗೆದ್ದ. ಅದೇ ವರ್ಷ ಆಟ ಬಿಟ್ಟ, 30ನೇ ವಯಸ್ಸಿಗೆ! ಇನ್ನೂ ಆಡಿದರೆ ಕೈ ಶಾಶ್ವತವಾಗಿ ಹೋಗುತ್ತದೆ ಎಂಬ ಭಯಕ್ಕೆ. ನಿಮ್ಮ ಸಾಕ್ಷಿ ನನ್ನ ಕಡೆಗೇ ಬಂದು ನಿಂತ.

ಇನ್ನೊಬ್ಬ ಇದ್ದ, ಡೆಟ್ರಾಯಿಟ್‌ನ ಮಾರ್ಕ್ ಫಿಡ್ರಿಚ್. ಗುಂಗುರು ಕೂದಲಿನ ಹುಡುಗ. ಚೆಂಡಿನ ಜೊತೆ ಮಾತಾಡುತ್ತಿದ್ದ, ಮಂಡಿಯೂರಿ ದಿಬ್ಬದ ಮಣ್ಣನ್ನು ಕೈಯಿಂದಲೇ ಸವರುತ್ತಿದ್ದ. 1976ರಲ್ಲಿ 19 ಗೆಲುವು. 24 ಪಂದ್ಯಗಳನ್ನು ಶುರುವಿನಿಂದ ಕೊನೆವರೆಗೆ ಒಬ್ಬನೇ ಎಸೆದ. ಹೊಸಬನಿಗೆ ಇಷ್ಟು ಹೊರೆ! ಮರುವರ್ಷ ಮಂಡಿಗೆ ಪೆಟ್ಟು, ಅದರ ಬೆನ್ನಲ್ಲೇ ಕೈ ಸೋತಿತು. ರೊಟೇಟರ್ ಕಫ್, ಅಂದರೆ ಹೆಗಲ ಕೀಲನ್ನು ಹಿಡಿದಿಡುವ ಸ್ನಾಯುಗಳ ಕಟ್ಟು, ಹರಿದಿದೆ ಅಂತ ಗೊತ್ತಾದದ್ದು 1985ರಲ್ಲಿ. ಅಷ್ಟರಲ್ಲಿ ಅವನ ಆಟ ಮುಗಿದೇ ಹೋಗಿತ್ತು.

ಅದೇ ರೊಟೇಟರ್ ಕಫ್ ತೊಂದರೆ 1997ರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಅವರಿಗೂ ಆಯಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಕಿತ್ತರು. ರಜೆ ಕೊಟ್ಟರೆ ಆಟಗಾರ ಹಾಳಾಗುತ್ತಾನೆ ಅನ್ನುವವರು ಆ ಸ್ಕೋರ್‌ಕಾರ್ಡ್ ನೋಡಲಿ.

ಬರೀ ಆಟದ ಮಾತಲ್ಲ ಇದು. ನನಗೆ ಪರಿಚಯದ ಹುಡುಗನೊಬ್ಬ ಕಾಲೇಜು ತಂಡದ ವೇಗದ ಬೌಲರ್. ಬೆನ್ನು ನೋವು ಅಂದದ್ದಕ್ಕೆ ಕೋಚ್ 'ಪರೀಕ್ಷೆ ಹತ್ತಿರ ಬಂತಲ್ಲ' ಅಂತ ನಕ್ಕರು. ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಯಲ್ಲಿ ಬಿರುಕು. ಆಫೀಸುಗಳಲ್ಲಿ ಜ್ವರ ಅಂದರೆ ಡಾಕ್ಟರ್ ಚೀಟಿ ತಾ ಅನ್ನುತ್ತಾರೆ. ಎಷ್ಟು ಕೊಟ್ಟರೆ ಎಲ್ಲಿ ಚೀಟಿ ಸಿಗುತ್ತದೆ ಅನ್ನೋದು ಕೇಳುವ ಸಾಹೇಬರಿಗೂ ಗೊತ್ತು. ಇನ್ನು ಮನೆಯಲ್ಲಿ ಹೆಂಗಸರು ಮಂಡಿ ನೋವು ಅಂದರೆ ಮುಗೀತು, 'ವಯಸ್ಸಾಯ್ತಲ್ಲ' ಅಂದು ಪೇಪರ್ ಕಡೆ ತಿರುಗುತ್ತೇವೆ. ಬಿದ್ದ ಮೇಲೆ ಮಾತ್ರ ಆಟೋ ಹಿಡಿದು ಓಡುತ್ತೇವೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಮೇಷ್ಟ್ರೇ. ಮೈದಾನದಲ್ಲಿ ಬಿಸಿಲಿಗೆ ನಿಂತು ಮಕ್ಕಳನ್ನು ಓಡಿಸಿದವರು, ನಮ್ಮಂಥ ಮೇಜಿನ ಪಂಡಿತರಿಗಿಂತ ನಿಮಗೆ ಮೈಯ ಮರ್ಮ ಜಾಸ್ತಿ ಗೊತ್ತು. ಅದಕ್ಕೇ ಒಂದು ಕೆಲಸ ಹಚ್ಚುತ್ತಿದ್ದೇನೆ. ಹುಡುಗನೊಬ್ಬ ನೋವು ಅಂದಾಗ ಅದು ನಿಜವೋ ನೆಪವೋ ಅಂತ ನೀವು ಹೇಗೆ ಕಂಡುಹಿಡಿಯುತ್ತಿದ್ದಿರಿ? ಎಷ್ಟು ಸಲ ತಪ್ಪಿತು? ಬರೆದು ಕಳಿಸಿ. ಎರಡು ಪುಟ ಮೀರದಿರಲಿ, ಜಾಹೀರಾತಿನವರು ಈಗಾಗಲೇ ನನ್ನ ಜಾಗ ತಿನ್ನುತ್ತಿದ್ದಾರೆ.