ಸಂಪಾದಕರ ಉತ್ತರ: ದವಾಖಾನೆಯಲ್ಲಿ ಯಾರೂ ಹೇಳದ ಮಾತು

ಮಾನ್ಯ ಸಹೋದರಿಯವರಿಗೆ ನಮಸ್ಕಾರ.

ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದೀರಿ. ಆದ್ದರಿಂದ ರಾಯಚೂರಿನ ಓದುಗರೊಬ್ಬರು ಎಂದಷ್ಟೇ ಹೇಳಿ, ನಿಮ್ಮ ನಾಲ್ಕು ಪುಟಗಳ ಪತ್ರದ ಸಾರವನ್ನು ಉಳಿದ ಓದುಗರಿಗಾಗಿ ಮೊದಲು ಕೊಡುತ್ತೇನೆ. ನಿಮ್ಮ ಮನೆಯ ಎರಡೂವರೆ ತಿಂಗಳ ಲ್ಯಾಬ್ರಡಾರ್ ಮರಿ ಒಂದು ಶನಿವಾರ ಸಂಜೆ ಮೇಲಿಂದ ಮೇಲೆ ವಾಂತಿ ಮಾಡಿಕೊಂಡಿತು. ಹತ್ತಿರದ ಖಾಸಗಿ ಚಿಕಿತ್ಸಾಲಯದಲ್ಲಿ ‘ಗ್ಯಾಸ್ಟ್ರಿಕ್’ ಎಂದು ಹೇಳಿ ಎರಡು ಇಂಜೆಕ್ಷನ್ ಕೊಟ್ಟು ಕಳಿಸಿದರು. ಭಾನುವಾರ ಅಲ್ಲಿ ಬಾಗಿಲು ಹಾಕಿತ್ತು. ಸೋಮವಾರ ಬೆಳಿಗ್ಗೆ ರಕ್ತಭೇದಿ ಕಾಣಿಸಿಕೊಂಡಾಗ ಸರಕಾರಿ ದನದ ದವಾಖಾನೆಗೆ ಓಡಿದಿರಿ. ವೈದ್ಯರು ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು, ಅಲ್ಲಿದ್ದ ಸಿಬ್ಬಂದಿಯೊಬ್ಬರು ತಾವೇ ಒಂದು ಇಂಜೆಕ್ಷನ್ ಹಾಕಿದರು. ಮಧ್ಯಾಹ್ನ ಮತ್ತೊಂದು ಖಾಸಗಿ ಚಿಕಿತ್ಸಾಲಯದಲ್ಲಿ ಮಲದ ಕಿಟ್ ಪರೀಕ್ಷೆ ಮಾಡಿ ಪಾರ್ವೊ (ನಾಯಿಮರಿಗಳ ಕರುಳಿಗೆ ತಗಲುವ ವೈರಸ್ ರೋಗ) ಎಂದರು, ಸಲೈನ್ ಹಚ್ಚಿದರು, ರಾತ್ರಿ ಎಂಟಕ್ಕೆ ಮನೆಗೆ ಕರೆದೊಯ್ಯಿರಿ ಎಂದರು. ನಸುಕಿನಲ್ಲಿ ಮರಿ ತೀರಿಕೊಂಡಿತು. ಮೊದಲ ವೈದ್ಯರ ತಪ್ಪಿನಿಂದ ಮರಿ ಸತ್ತಿತೇ, ಹಾಕಿಸಿದ್ದ ಲಸಿಕೆ ನಕಲಿಯೇ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರು ಊರುಗಳ ಒಳ್ಳೆಯ ಮತ್ತು ಕೆಟ್ಟ ಚಿಕಿತ್ಸಾಲಯಗಳ ಪಟ್ಟಿಯನ್ನು ಪತ್ರಿಕೆ ಏಕೆ ಪ್ರಕಟಿಸಬಾರದು, ಮಗನಿಗಾಗಿ ಇನ್ನೊಂದು ಮರಿಯನ್ನು ಯಾವಾಗ ತರಬಹುದು ಎಂಬುದು ನಿಮ್ಮ ಪ್ರಶ್ನೆಗಳು.

ಇವುಗಳಿಗಿಂತ ಮೊದಲು ಬೇರೊಂದು ವಿಷಯವಿದೆ. ಔಷಧಿ ಕುಡಿಸುವಾಗ ಮರಿ ಮಗನ ಬೆರಳಿಗೆ ಹಲ್ಲು ತಾಗಿಸಿ ರಕ್ತ ಬಂದಿತ್ತೆಂದು ಮೂರನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದನ್ನು ಎಲ್ಲರಿಗಾಗಿ ಇಲ್ಲಿಯೂ ಬರೆಯುತ್ತೇನೆ. ಮೂರು ತಿಂಗಳು ತುಂಬದ ಮರಿಗೆ ಹುಚ್ಚುನಾಯಿ ರೋಗದ ಲಸಿಕೆ ಆಗಿರುವುದಿಲ್ಲ. ಕಚ್ಚಿದ ನಾಯಿಯ ಮೇಲೆ ಹತ್ತು ದಿನ ಕಣ್ಣಿಡಬೇಕೆಂಬ ನಿಯಮವನ್ನು ಸತ್ತ ಮರಿಯ ವಿಷಯದಲ್ಲಿ ಪಾಲಿಸಲು ಬರುವುದಿಲ್ಲ. ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ರೋಗ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕೇ ಎಂಬುದನ್ನು ವೈದ್ಯರು ಅಲ್ಲಿಯೇ ತೀರ್ಮಾನಿಸುತ್ತಾರೆ. ಸ್ನಾಯುವಿಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7, 14 ಮತ್ತು 28ನೆಯ ದಿನ ತಪ್ಪದೆ ಹಾಕಿಸಬೇಕು. ನೀವು ಹೋದ ಮೂರು ಕಡೆಗಳಲ್ಲಿ ಒಬ್ಬರಾದರೂ, ಯಾರನ್ನಾದರೂ ಕಚ್ಚಿದೆಯೇ ಎಂದು ಕೇಳಲಿಲ್ಲ ಎಂಬುದು ನನ್ನನ್ನು ಬಹಳ ಹೊತ್ತು ಕಾಡಿತು.

ಮೊದಲ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಒಂದೇ ಮಾತಿನದಲ್ಲ. ಪಾರ್ವೊ ವೈರಸ್ ಕರುಳಿನ ಒಳಪದರದಲ್ಲಿಯೂ ಮೂಳೆಯ ಮಜ್ಜೆಯಲ್ಲಿಯೂ ಬೇಗ ಬೇಗ ಹುಟ್ಟುವ ಜೀವಕೋಶಗಳನ್ನೇ ಹುಡುಕಿ ಕೊಲ್ಲುತ್ತದೆ. ಕರುಳು ನೀರನ್ನು ಹಿಡಿದಿಡಲಾರದು, ರಕ್ತದಲ್ಲಿ ಬಿಳಿಯ ಕಣಗಳು ಕುಸಿಯುತ್ತವೆ, ಹರಿದುಹೋದ ಕರುಳಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ನಮ್ಮ ಊರುಗಳಲ್ಲಿ ಈ ವೈರಸ್ಸನ್ನೇ ಕೊಲ್ಲುವ ಔಷಧಿ ಸಿಗುವುದಿಲ್ಲ. ಕಳೆದುಹೋದ ನೀರು ಮತ್ತು ಲವಣಗಳನ್ನು ನಾಳದ ಮೂಲಕ ತುಂಬುತ್ತ, ವಾಂತಿಯನ್ನು ತಡೆಯುತ್ತ, ಸೋಂಕಿಗೆ ಆಂಟಿಬಯೋಟಿಕ್ ಕೊಡುತ್ತ, ಮರಿಯ ದೇಹ ತಾನೇ ಚೇತರಿಸಿಕೊಳ್ಳುವವರೆಗೆ ಅದನ್ನು ಹಿಡಿದು ನಿಲ್ಲಿಸುವುದೇ ಚಿಕಿತ್ಸೆ. ಏನೂ ಮಾಡದೆ ಬಿಟ್ಟರೆ ಹತ್ತರಲ್ಲಿ ಒಂಬತ್ತು ಮರಿಗಳು ಉಳಿಯುವುದಿಲ್ಲ. ಹಗಲೂ ರಾತ್ರಿಯೂ ಆರೈಕೆ ಸಿಕ್ಕರೆ ಹೆಚ್ಚಿನವು ಉಳಿಯುತ್ತವೆ. ನಿಮ್ಮ ಮರಿಗೆ ಸಿಗದೆ ಹೋದದ್ದು ಆ ರಾತ್ರಿಯ ಆರೈಕೆ. ಸಂಜೆಯ ಹೊತ್ತಿಗೆ ಸಲೈನ್ ತೆಗೆದು ಮನೆಗೆ ಕಳಿಸಿದರೆ, ಬೆಳಗಾಗುವವರೆಗೆ ಹೋಗುವ ನೀರನ್ನು ತುಂಬುವವರು ಯಾರು? ರಾಯಚೂರು, ಕೊಪ್ಪಳ, ಬಳ್ಳಾರಿಗಳಿಂದ ನಮಗೆ ಬರುವ ಪತ್ರಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ದೂರು ಇದು: ರಾತ್ರಿ ಮರಿಯನ್ನು ಇಟ್ಟುಕೊಳ್ಳುವ ಜಾಗವಿಲ್ಲ. ಬೋಧನಾ ಆಸ್ಪತ್ರೆ ಬೇಕೆಂದರೆ ಕೊಪ್ಪಳದವರಿಗೆ ಗದಗಿನ ಪಶುವೈದ್ಯಕೀಯ ಕಾಲೇಜು ಹತ್ತಿರದಲ್ಲಿದೆ. ಬಳ್ಳಾರಿಯವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕೆಂದರೆ 300 ಕಿಲೋಮೀಟರಿಗೂ ಹೆಚ್ಚು ದಾರಿ, ರಾಯಚೂರಿನವರಿಗೆ ಅದಕ್ಕಿಂತಲೂ ದೂರ.

ಹಾಗೆಂದು ಮೊದಲ ವೈದ್ಯರದು ಏನೂ ತಪ್ಪಿಲ್ಲ ಎಂದು ನಾನು ಹೇಳಲಾರೆ. ಅಂದು ಅವರು ಕಿಟ್ ಪರೀಕ್ಷೆ ಮಾಡದಿದ್ದುದು ದೊಡ್ಡ ತಪ್ಪಲ್ಲ. ರೋಗದ ಮೊದಲ ದಿನ ಮಲದಲ್ಲಿ ವೈರಸ್ ಸಾಕಷ್ಟು ಇಲ್ಲದೆ ಪರೀಕ್ಷೆ ಸುಳ್ಳು ಹೇಳುವುದೂ ಉಂಟು. ಆದರೆ ಲಸಿಕೆಯ ಸರಣಿ ಮುಗಿಯದ ಎರಡೂವರೆ ತಿಂಗಳ ಮರಿ ವಾಂತಿ ಮಾಡುತ್ತಿದೆ ಎಂದಾಗ ಮೊದಲು ನೆನಪಾಗಬೇಕಾದ ರೋಗ ಪಾರ್ವೊ. ‘ಇದು ಪಾರ್ವೊ ಇದ್ದರೂ ಇರಬಹುದು, ರಾತ್ರಿ ವಾಂತಿ ನಿಲ್ಲದಿದ್ದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ನಾಳೆಯವರೆಗೂ ಕಾಯಬೇಡಿ, ನಾಳೆ ನಾನು ಇರುವುದಿಲ್ಲ, ಇಂಥಲ್ಲಿಗೆ ಹೋಗಿ’ ಎಂಬ ಮಾತಿಗೆ ಅರ್ಧ ನಿಮಿಷವೂ ಬೇಕಿರಲಿಲ್ಲ. ಆ ಮಾತು ಸಿಕ್ಕಿದ್ದರೆ ಭಾನುವಾರ ನಿಮ್ಮ ಕೈಯಲ್ಲಿ ಇರುತ್ತಿತ್ತು. ನನ್ನ ದೃಷ್ಟಿಯಲ್ಲಿ ನಿಮಗಾದ ಅನ್ಯಾಯ ಇದೇ. ಔಷಧಿಯ ಆಯ್ಕೆಯಲ್ಲಿ ಆದದ್ದೆಂದು ನನಗೆ ಅನಿಸುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಮನೆಯ ಕಾರಣವೂ ಇದೆ. ಹಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಮುಧೋಳ ನಾಯಿ ಇತ್ತು. ತಂತಿಬೇಲಿಗೆ ಸಿಕ್ಕು ತೊಡೆ ಹರಿದುಕೊಂಡಾಗ ಬೇರೊಂದು ಊರಿನ ಚಿಕಿತ್ಸಾಲಯದಲ್ಲಿ ಅರಿವಳಿಕೆ ಕೊಟ್ಟು ಹೊಲಿಗೆ ಹಾಕಿದರು. ಎರಡು ಗಂಟೆಯಲ್ಲಿ ಏಳುತ್ತದೆ ಎಂದವರು ಮನೆಗೆ ಹೋದರು; ನಾಯಿ ಸಂಜೆಯವರೆಗೂ ಏಳಲಿಲ್ಲ, ಸಹಾಯಕನಿಗೆ ಏನೂ ತಿಳಿದಿರಲಿಲ್ಲ, ನಾನು ಮತ್ತು ನನ್ನ ಮಗಳು ಅದರ ಪಕ್ಕೆಯ ಏರಿಳಿತವನ್ನು ಎಣಿಸುತ್ತ ಸಿಮೆಂಟಿನ ನೆಲದ ಮೇಲೆ ಕುಳಿತಿದ್ದೆವು. ಗ್ರೇಹೌಂಡಿನಂಥ ತೆಳು ಮೈಯ, ಕೊಬ್ಬಿಲ್ಲದ ಓಟದ ನಾಯಿಗಳು ಥಯೋಪೆಂಟೋನ್ ಜಾತಿಯ ಅರಿವಳಿಕೆಯಿಂದ ಬಹಳ ತಡವಾಗಿ ಏಳುತ್ತವೆ ಎಂಬುದು ಪಶುವೈದ್ಯರಿಗೆಲ್ಲ ಗೊತ್ತಿರುವ ಸಂಗತಿ ಎಂದು ನನಗೆ ತಿಳಿದದ್ದು ಬಹಳ ದಿನಗಳ ನಂತರ. ನಾಯಿ ಬದುಕಿತು. ಆದರೆ ಆ ಒಂದು ಮಾತನ್ನು ಮೊದಲೇ ಹೇಳಬಹುದಿತ್ತಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ.

ದನದ ದವಾಖಾನೆಯ ವಿಷಯದಲ್ಲಿ ನಿಮ್ಮ ಸಿಟ್ಟನ್ನು ಎರಡು ಭಾಗ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ವೈದ್ಯರು ಇರಲಿಲ್ಲ ಎಂಬುದು ಒಂದು. ಆ ಇಲಾಖೆ ಕಟ್ಟಲ್ಪಟ್ಟಿರುವುದೇ ಎತ್ತು, ಎಮ್ಮೆ, ಕುರಿಗಳಿಗಾಗಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಕಾಲುಬಾಯಿ ಜ್ವರದ ಲಸಿಕೆಗೆ ವೈದ್ಯರು ಊರೂರು ಸುತ್ತಲೇಬೇಕು, 2022ರಲ್ಲಿ ಚರ್ಮಗಂಟು ರೋಗ ಬಂದಾಗ ಅವರು ಪಟ್ಟ ಪಾಡನ್ನು ನಮ್ಮ ರೈತರು ಕಂಡಿದ್ದಾರೆ. ದೇವದುರ್ಗದ ಕಡೆಯ ಒಂದು ಮನೆಯ ಎರಡು ಎತ್ತುಗಳು ಆ ಮನೆಯ ವರ್ಷದ ಅನ್ನ. ವೈದ್ಯರು ಅಲ್ಲಿದ್ದರೆ ಅದನ್ನು ಕರ್ತವ್ಯಲೋಪ ಎನ್ನಲಾಗದು; ಅವರಿಲ್ಲದ ದಿನ ಯಾರನ್ನು ಕಾಣಬೇಕೆಂಬ ಫಲಕ ಬಾಗಿಲಲ್ಲಿ ಇಲ್ಲದಿರುವುದು ಲೋಪ. ಇನ್ನೊಂದು, ಸಿಬ್ಬಂದಿ ತಾವೇ ಇಂಜೆಕ್ಷನ್ ಹಾಕಿದ್ದು. ನಮ್ಮ ಕಡೆ ಸೂಜಿ ಹಿಡಿದವರೆಲ್ಲರೂ ‘ಡಾಕ್ಟ್ರು’. ಆದರೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ಮಾಡಬಹುದಾದವರು ನೋಂದಾಯಿತ ವೈದ್ಯರು ಮಾತ್ರ. ಉಳಿದ ಸಿಬ್ಬಂದಿ ಸಣ್ಣಪುಟ್ಟ ಸೇವೆಗಳನ್ನು ಮಾಡಬಹುದಾದರೂ ಅದು ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಇರಬೇಕು. ಎದುರಿಗಿರುವವರ ನೋಂದಣಿ ಸಂಖ್ಯೆಯನ್ನು ವಿನಯದಿಂದ ಕೇಳುವುದು ಅವಮಾನವಲ್ಲ. ಹೆಸರು ಹೇಳಲು ಹಿಂಜರಿಯದ ವೈದ್ಯರು ಸಂಖ್ಯೆ ಹೇಳಲೂ ಹಿಂಜರಿಯುವುದಿಲ್ಲ.

ಲಸಿಕೆ ನಕಲಿಯೆಂದು ಹೇಳಲು ನಿಮ್ಮ ಪತ್ರದಲ್ಲಿ ಆಧಾರವಿಲ್ಲ. 45ನೆಯ ದಿನ ಒಂದು ಲಸಿಕೆ ಆಗಿತ್ತು ಎಂದಿದ್ದೀರಿ. ಆ ವಯಸ್ಸಿನಲ್ಲಿ ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಇನ್ನೂ ಇರುತ್ತವೆ. ಅವು ರೋಗವನ್ನು ತಡೆಯುವಷ್ಟು ಉಳಿಯದೆ ಹೋದರೂ ಲಸಿಕೆಯನ್ನು ಕೆಡಿಸುವಷ್ಟು ಉಳಿದಿರುತ್ತವೆ. ಆದ್ದರಿಂದಲೇ 6ರಿಂದ 8ನೆಯ ವಾರದಲ್ಲಿ ಆರಂಭಿಸಿ, 2ರಿಂದ 4 ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕೆಂಬ ಕ್ರಮವಿದೆ. ‘ಒಂದು ಸೂಜಿ ಆಗಿದೆ, ಇನ್ನು ಭಯವಿಲ್ಲ’ ಎಂದು ಮರಿ ಮಾರಿದವರು ಹೇಳಿದ್ದು ತಪ್ಪು. ನನಗಿರುವ ಅನುಮಾನ ಬೇರೆ. ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಸಾಗಿಸಬೇಕು, ಇಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಕರೆಂಟು ಹೋದರೆ ಗಂಟೆಗಟ್ಟಲೆ ಬಾರದ ನಮ್ಮ ಊರುಗಳಲ್ಲಿ ಶೀಷೆ ಬಸ್ಸಿನಲ್ಲಿ ಬಂದು ಅಂಗಡಿಯ ಮೇಜಿನ ಮೇಲೆ ಕುಳಿತಿದ್ದರೆ ಅದು ಅಸಲಿಯೇ ಆಗಿದ್ದರೂ ಕೆಲಸಕ್ಕೆ ಬಾರದು. ನೀವು ಕಳಿಸಿದ ಲಸಿಕೆ ಪುಸ್ತಕದ ಚಿತ್ರದಲ್ಲಿ ದಿನಾಂಕ ಮತ್ತು ಸಹಿ ಇವೆ, ಶೀಷೆಯ ಮೇಲಿನ ಚೀಟಿ ಇಲ್ಲ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನ ಅಚ್ಚಾಗಿರುವ ಆ ಚೀಟಿಯನ್ನು ನಿಮ್ಮ ಕಣ್ಣೆದುರೇ ಪುಸ್ತಕಕ್ಕೆ ಅಂಟಿಸುವಂತೆ ಕೇಳಬೇಕು, ಫ್ರಿಜ್ಜಿನಿಂದ ತೆಗೆದದ್ದನ್ನು ನೋಡಬೇಕು.

ಪತ್ರದ ಇನ್ನೊಂದು ವಿವರ ನನ್ನನ್ನು ತಡೆದು ನಿಲ್ಲಿಸಿತು. ಮರಿಯನ್ನು ತೂಕಕ್ಕೆ ಇಟ್ಟವರು ಮೂರನೆಯ ವೈದ್ಯರು ಮಾತ್ರ. ಇಂಜೆಕ್ಷನ್ನಿನ ಪ್ರಮಾಣವೂ ಸಲೈನಿನ ಪ್ರಮಾಣವೂ ತೂಕದ ಮೇಲೆಯೇ ನಿಲ್ಲುತ್ತವೆ. ಐದು ಕಿಲೋ ಮರಿಯನ್ನು ಕಣ್ಣಂದಾಜಿನಲ್ಲಿ ಏಳು ಕಿಲೋ ಎಂದುಕೊಂಡರೆ ಔಷಧಿ ಅರ್ಧದಷ್ಟು ಹೆಚ್ಚಾಗುವ ಹತ್ತಿರಕ್ಕೆ ಬರುತ್ತದೆ. ತೂಕ, ಜ್ವರದ ಮಟ್ಟ, ಅನುಮಾನಿಸಿದ ರೋಗ, ಕೊಟ್ಟ ಔಷಧಿಯ ಹೆಸರು ಮತ್ತು ಪ್ರಮಾಣ, ವೈದ್ಯರ ಸಹಿ ಇಷ್ಟು ಇರುವ ಒಂದು ಚೀಟಿ ನಿಮ್ಮ ಕೈಯಲ್ಲಿ ಇದ್ದಿದ್ದರೆ ಸೋಮವಾರದ ವೈದ್ಯರು ಶನಿವಾರ ಏನಾಯಿತೆಂದು ಊಹಿಸುತ್ತ ಕೂರಬೇಕಿರಲಿಲ್ಲ. ನಿಮಗೆ ಸಿಕ್ಕಿದ್ದು ಮೊತ್ತ ಮಾತ್ರ ಬರೆದ ಬಿಳಿಯ ಹಾಳೆ. ದೂರು ಕೊಡಬೇಕೆಂದಿದ್ದರೂ ದಾಖಲೆ ಬೇಕು. ಹಣ ಕೊಟ್ಟು ಪಡೆದ ಸೇವೆಯ ಲೋಪಕ್ಕೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಎರಡು ವರ್ಷಗಳ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ವೈದ್ಯರ ನಡತೆಯ ಬಗ್ಗೆ ರಾಜ್ಯ ಪಶುವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಎರಡೂ ಕಡೆ ಕೇಳುವ ಮೊದಲ ಪ್ರಶ್ನೆ ಬರಹದಲ್ಲಿ ಏನಿದೆ ಎಂಬುದೇ.

ಸಾಕುವವರ ಕಡೆಯ ತಪ್ಪುಗಳೂ ನಮ್ಮ ಮೇಜಿನ ಮೇಲೆ ಬಂದಿವೆ. ಜ್ವರ ಬಂದ ಬೆಕ್ಕಿಗೆ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಟ್ಟು ಕಳೆದುಕೊಂಡ ಕೊಪ್ಪಳದ ಓದುಗರ ಪತ್ರವನ್ನು ನಾನು ಮರೆತಿಲ್ಲ. ಬೆಕ್ಕಿಗೆ ಆ ಮಾತ್ರೆ ವಿಷ. ನಾಯಿಯ ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಜ್ವರಕ್ಕೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಡಿ ಎಂದು ವೈದ್ಯರು ಬರೆದರೆ, ನಾಯಿ ಅನ್ನ ತಿಂದಿತೆಂದು ಐದನೆಯ ದಿನಕ್ಕೆ ನಿಲ್ಲಿಸಿ, ರೋಗ ಮರುಕಳಿಸಿದಾಗ ವೈದ್ಯರನ್ನು ಬೈದವರೂ ಇದ್ದಾರೆ.

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಪ್ರಕಟಿಸುವುದಿಲ್ಲ. ಒಂದೊಂದು ಪತ್ರವನ್ನು ನಂಬಿ ಒಬ್ಬೊಬ್ಬರ ಹೆಸರನ್ನು ಕೆಟ್ಟವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಮೂರನೆಯ ವೈದ್ಯರು. ಬೇರೆಯವರು ಕೈಬಿಟ್ಟ ಮರಿಗೆ ಸಲೈನ್ ಹಚ್ಚಲು ಒಪ್ಪುವವರ ಮೇಜಿನ ಮೇಲೆಯೇ ಹೆಚ್ಚು ಮರಿಗಳು ಸಾಯುತ್ತವೆ. ಬರೀ ಸಾವುಗಳನ್ನು ಎಣಿಸಿದರೆ ಅವರೇ ಊರಿನ ಕೆಟ್ಟ ವೈದ್ಯರಾಗುತ್ತಾರೆ, ವಾಂತಿಗೆ ಸೂಜಿ ಹಾಕಿ ಕಳಿಸಿದವರು ಒಳ್ಳೆಯವರಾಗುತ್ತಾರೆ. ಪಟ್ಟಿಯ ಬದಲು ನಾವು ಒಂದು ಕೆಲಸ ಮಾಡಬಲ್ಲೆವು. ಭಾನುವಾರ ಮತ್ತು ರಾತ್ರಿ ಯಾರು ಬಾಗಿಲು ತೆರೆಯುತ್ತಾರೆ, ಯಾರಲ್ಲಿ ರೋಗಿ ಪ್ರಾಣಿಯನ್ನು ಇಟ್ಟುಕೊಳ್ಳುವ ವ್ಯವಸ್ಥೆ ಇದೆ ಎಂಬುದನ್ನು ಮೂರೂ ಜಿಲ್ಲೆಗಳ ವೈದ್ಯರಿಂದಲೇ ಬರಹದಲ್ಲಿ ಪಡೆದು ಪ್ರಕಟಿಸುತ್ತೇವೆ. ಪತ್ರಗಳು ಈ ವಾರ ಹೊರಟಿವೆ.

ಇನ್ನೊಂದು ಮರಿಯ ಬಗ್ಗೆ ಯುಗಾದಿಯೊಳಗೆ ಎಂದು ಬರೆದಿದ್ದೀರಿ. ದಯವಿಟ್ಟು ಬೇಡ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ಮತ್ತು ತೇವ ಇರುವಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು, ಫಿನೈಲಿಗೆ ಸಾಯುವುದಿಲ್ಲ. ನೆಲವನ್ನೂ ತಟ್ಟೆಯನ್ನೂ ಮೊದಲು ಸೋಪಿನಿಂದ ತೊಳೆದು, ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಹಾಗೆಯೇ ಬಿಟ್ಟು ತೊಳೆಯಿರಿ. ಮರಿ ಮಲಗುತ್ತಿದ್ದ ಗೋಣಿಯನ್ನು ಸುಟ್ಟುಬಿಡಿ. ಅಂಗಳದ ಬೇವಿನ ಗಿಡದ ಬುಡದ ಮಣ್ಣನ್ನು ಹೀಗೆ ತೊಳೆಯಲಾಗದು. ಅಲ್ಲಿ ಕಾಲವೇ ಕೆಲಸ ಮಾಡಬೇಕು. ಅಷ್ಟು ದಿನ ಮಗನಿಗೆ ತಡೆಯಲಾಗದಿದ್ದರೆ, ಲಸಿಕೆಯ ಸರಣಿ ಪೂರ್ತಿ ಆಗಿರುವ, ವರ್ಷ ದಾಟಿದ ನಾಯಿಯೊಂದನ್ನು, ಅದರ ಪುಸ್ತಕದಲ್ಲಿ ಚೀಟಿಗಳಿವೆಯೇ ಎಂದು ನೋಡಿ, ಮನೆಗೆ ಕರೆತನ್ನಿ.